ಬಾಗಿಲಾಚೆಯ ಚಂದ್ರ

"ಎಡಕ್ಕಲ್ಲ ಅತ್ತೆ, ತಿರುಪು ಬಲಕ್ಕೆ ತಿರುಗ್ಸಿ. ಮೆಲ್ಲಗೆ."

"ಬಲಕ್ಕೇ ತಿರುಗ್ಸ್ದೆ ಕಣಮ್ಮಿ. ಈಗ ಅದು ಎಡಕ್ಕೆ ಓಡೋಯ್ತು."

"ಹಂಗಾದ್ರೆ ಜಾಸ್ತಿ ಆಯ್ತು. ಅದು ಓಡಿದ ಕಡೀಕೇ ಹೋಗಿ. ತಪ್ಪಿಸ್ಕೊಂಡ ಕರು ಹಿಂದೆ ಹೋದಂಗೆ."

"ಕರುವಾದ್ರೆ ಕೂಗಿದ್ರೆ ನಿಲ್ತದೆ," ಅಂದಳು ಪಾಪಮ್ಮ ಅಂಗಳದಿಂದ.

ಮುಚ್ಚಿದ ಬಾಗಿಲ ಒಳಗೆ, ಗೋಡೆಗೆ ಒರಗಿ ಕುಳಿತಿದ್ದ ವನಿತಾ ಕಣ್ಣು ಮುಚ್ಚಿಕೊಂಡಳು. ಮುಚ್ಚಿದರೆ ಆಚೆಯದೆಲ್ಲ ಕಾಣುತ್ತಿತ್ತು. ಮೂರು ಕಾಲಿನ ಸ್ಟ್ಯಾಂಡು, ಅದರ ಮೇಲೆ ಬಿಳಿ ಟೆಲಿಸ್ಕೋಪು, ಅದರ ಹಿಂಬದಿಗೆ ಸಂಜೆ ಐದಕ್ಕೇ ಅವಳು ಸಿಕ್ಕಿಸಿಟ್ಟು ಬಂದ ಕ್ಯಾಮೆರಾ, ಅದರ ಪುಟ್ಟ ಪರದೆಗೆ ಮೂಗು ತಾಗಿಸಿ ನಿಂತ ಅತ್ತೆ. ಪಕ್ಕದವರ ರೋಜಾ ತೋಟದ ಪ್ಲಾಸ್ಟಿಕ್ ಚಾವಣಿಯ ಮೇಲೆ, ಹುಟ್ಟುವಾಗಲೇ ಕಚ್ಚಿಸಿಕೊಂಡು ಬಂದ ಹುಣ್ಣಿಮೆ ಚಂದ್ರ.

ಸೂಳಗಿರಿ ಹತ್ತಿರದ ಫ್ಯಾಕ್ಟರಿಯಲ್ಲಿ ವನಿತಾಳದು ಪರೀಕ್ಷೆಯ ಕೆಲಸ. ಲೈನಿನಲ್ಲಿ ಬರುವ ಉಂಗುರದಂಥ ಬಿಡಿಭಾಗಗಳನ್ನು ಕ್ಯಾಮೆರಾದಲ್ಲಿ ದೊಡ್ಡದು ಮಾಡಿ ನೋಡುವುದು, ಅಂಚು ಮುಕ್ಕಾಗಿದ್ದರೆ ತೆಗೆದಿಡುವುದು. ಮನೆಯಲ್ಲೂ ಅದೇ ಹುಚ್ಚು. ಮೂರು ಹುಣ್ಣಿಮೆ ಅವಳು ತೆಗೆದ ಚಂದ್ರನೆಲ್ಲ ಅಂಚು ಕತ್ತರಿಸಿಕೊಂಡೇ ಬಂದಿದ್ದ. ಒಂದರಲ್ಲಿ ತಲೆ ಇಲ್ಲ, ಇನ್ನೊಂದರಲ್ಲಿ ಕಾಲಿಲ್ಲ. ಹೋದ ಹುಣ್ಣಿಮೆಗೆ, ಚಿತ್ರವನ್ನು ಇನ್ನಷ್ಟು ಹಿಗ್ಗಿಸುವ ನಡುವಿನ ಒಂದು ಗಾಜು ಬಿಚ್ಚಿಟ್ಟ ಮೇಲೆ, ಸುತ್ತ ಒಂದು ಬೆರಳು ಜಾಗ ಉಳಿಸಿ ಇಡೀ ಚಂದ್ರ ಪರದೆಯೊಳಗೆ ಕುಳಿತಿದ್ದ. ಅಂದಿನಿಂದ ಅವಳು ಈ ಸಂಜೆಗೇ ಕಾಯುತ್ತಿದ್ದಳು. ಗ್ರಹಣ ಹಿಡಿದ ಚಂದ್ರ, ಆದರೆ ಪೂರ್ತಿ.

ಬೆಳಗ್ಗೆ ಪಾಪಮ್ಮ ಬಯ್ಯಲಿಲ್ಲ. ಗ್ರಹಣ ಹಿಡಿದಾಗ ಅರಿಶಿನದ ನೀರಿನ ತಟ್ಟೆಯಲ್ಲಿ ಒನಕೆ ನಿಲ್ಲಿಸುವ ಜಾಗ ಸಾರಿಸುತ್ತಾ, "ಇವತ್ತು ಚಂದ್ರ ಹುಟ್ಟಿದ ಮ್ಯಾಲೆ ಆಚೆ ಬರ್ಬ್ಯಾಡ," ಅಂದಿದ್ದಳು, ಅಷ್ಟೇ.

"ಹೋದ ಸಲ ಯಾವ ಗ್ರಹಣಾನೂ ಇರ್ಲಿಲ್ಲ ಅತ್ತೆ. ಆದ್ರೂ ಹೊಟ್ಟೇಲಿದ್ದದ್ದು ಐದು ತಿಂಗ್ಳಿಗೇ ಹೋಯ್ತಲ್ಲ."

"ಇರ್ಲಿಲ್ಲ," ಪಾಪಮ್ಮ ನೆಲ ಸಾರಿಸುತ್ತಲೇ ಇದ್ದಳು. "ಅದ್ಕೇ ಈ ಸಲ ಯಾವ್ದನ್ನೂ ಬಿಡಾಕಾಗಲ್ಲ."

 ಸಾರಿಸಿ ಮುಗಿಸಿ ಪಾಪಮ್ಮ ಕೈ ತೊಳೆದುಕೊಂಡು ಬಂದು, "ಎಲ್ಲಿ ಒತ್ತಬೇಕು ತೋರ್ಸು. ನಾನೇ ತೆಗೀತೀನಿ," ಅಂದಿದ್ದಳು.

ಈಗ ಆರೂವರೆ. ಆಚೆ ಯಾರೋ ನಕ್ಕರು. ನೆರೆಮನೆಯ ಮುನಿಲಕ್ಷ್ಮಿಯ ದನಿ.

"ಏನ್ ಪಾಪಕ್ಕ, ಗ್ರಹಣದೊತ್ನಾಗೆ ಫಿರಂಗಿ ನೆಟ್ಟಿದೀಯ? ಆನೆ ಓಡ್ಸಾಕಾ?"

"ಆನೆ ನಿಮ್ಮ ಹೊಲಕ್ಕೆ ಬಿಟ್ಟೀನಿ ಹೋಗೇ. ನಂಗೆ ಕೆಲ್ಸ ಅದೆ."

"ಸೊಸೆ ಎಲ್ಲಿ?"

"ಒಳಗವ್ಳೆ. ಅವಳೇ ಮೇಸ್ತ್ರಿ, ನಾನು ಕೂಲಿ."

ವನಿತಾಳಿಗೂ ನಗು ಬಂತು. ನಕ್ಕಾಗ ಹೊಟ್ಟೆಯ ಬಲಗಡೆ, ಚರ್ಮ ಹಿಗ್ಗಿದ ಜಾಗದಲ್ಲಿ ನವೆ ಎದ್ದಿತು. ಕೈ ಅಲ್ಲಿಗೆ ಹೋಯಿತು. ಗ್ರಹಣದಲ್ಲಿ ಬಸುರಿ ಮೈ ಕೆರೆದುಕೊಂಡರೆ ಮಗುವಿನ ಮೈಮೇಲೆ ಮಚ್ಚೆ ಏಳುತ್ತದಂತೆ. ಮಧ್ಯಾಹ್ನ ಫೋನಿನಲ್ಲಿ ಗಂಡ ಕುಮಾರೇಶನಿಗೆ ಅದನ್ನೇ ಹೇಳಿ ಅವಳು ಎಷ್ಟೊಂದು ನಕ್ಕಿದ್ದಳು. ಈಗ ಅವನು ಸೆಕೆಂಡ್ ಶಿಫ್ಟಿನಲ್ಲಿದ್ದ. ಕೋಣೆಯಲ್ಲಿ ಯಾರೂ ಇರಲಿಲ್ಲ. ನವೆ ಉರಿಯಾಗುತ್ತಿತ್ತು. ಅವಳು ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕುಳಿತಳು.

"ಬಂತು ಕಣಮ್ಮಿ! ನಡುವ್ಕೆ ಬಂತು."

"ಪೂರ್ತಿ ಬಂದದಾ? ಸುತ್ತ ಕಪ್ಪು ಕಾಣ್ತದಾ?"

"ಕಾಣ್ತದೆ. ದೋಸೆ ಸುತ್ತ ಕಾವಲಿ ಕಂಡಂಗೆ."

"ಒತ್ತಿ, ತಕ್ಷಣ ಕೈ ತೆಗೀರಿ. ಅಲ್ಲಾಡ್ಬೇಡಿ."

ಎರಡು ಸೆಕೆಂಡಿನ ಟೈಮರ್ ಓಡಿತು. ಆಮೇಲೆ ಕ್ಯಾಮೆರಾ ಸದ್ದು ಮಾಡಿದ್ದು ಮರದ ಬಾಗಿಲ ಮೂಲಕವೂ ಸ್ಪಷ್ಟವಾಗಿ ಕೇಳಿಸಿತು.

"ಬಂತಾ ಅತ್ತೆ?"

ಸ್ಟ್ಯಾಂಡಿನಿಂದ ದೂರ ಸರಿಯುವ ಹೆಜ್ಜೆ ಸದ್ದು ಕೇಳಿಸಿತು.

"ಅತ್ತೆ?"

ಚಿಲಕ ಸರಿಯಿತು. ಬಾಗಿಲು ಗೇಣಗಲ ತೆರೆದು ಪಾಪಮ್ಮ ಮುಖ ತೋರಿಸಿದಳು. ಅವಳ ಕಣ್ಣು ಒದ್ದೆಯಾಗಿತ್ತು. ಪರದೆಯನ್ನು ಅಷ್ಟು ಹೊತ್ತು ದಿಟ್ಟಿಸಿದ್ದಕ್ಕೂ ಇರಬಹುದು.

"ಕಚ್ಚಿರೋ ಕಡೆ ತಾಮ್ರ ಇದ್ದಂಗೈತೆ," ಅಂದಳು. "ಆಮೇಲೆ ಪೆಟ್ಟಿಗೆ ಬಿಟ್ಟು ಬರಿಗಣ್ಣಲ್ಲೂ ನೋಡ್ದೆ. ಅರವತ್ತು ವರ್ಸ ಪ್ರತಿ ಗ್ರಹಣಕ್ಕೂ ಒಳಗೇ ಕುಂತಿದ್ದೆ ಕಣಮ್ಮಿ. ಇಷ್ಟು ಚೆಂದಾಗಿರ್ತದೆ ಅಂತ ಯಾರೂ ಹೇಳ್ಲಿಲ್ಲ."

"ನಾ ಹೇಳಿದ್ನಲ್ಲ."

"ನೀನ್ ಹೇಳಿದ್ದೆ. ನೀನು ಒಂದು ತಿಂಗ್ಳು ಕಾದಿದ್ದನ್ನ ನಾನು ಕದ್ದು ನೋಡಿದಂಗಾಯ್ತು." ಪಾಪಮ್ಮ ಬಾಗಿಲನ್ನು ಇನ್ನಷ್ಟು ತಳ್ಳಿದಳು. "ಬಾ. ಗ್ರಹಣ ಬಿಡೋಕೆ ಇನ್ನೂ ಹತ್ತು ನಿಮಿಷ ಐತೆ. ಒಂದು ಸಲ ನೋಡಿ ಒಳಕ್ಕೆ ಬಂದ್ಬುಡು. ಏನೂ ಆಗಲ್ಲ. ಆದ್ರೆ ನನ್ನ ಕೇಳು."

ವನಿತಾ ಗೋಡೆ ಹಿಡಿದು ಎದ್ದಳು. ಹೊಸ್ತಿಲಿನವರೆಗೆ ನಡೆದಳು. ಅಲ್ಲಿಂದ ಅಂಗಳದ ನೆಲ ಕಾಣುತ್ತಿತ್ತು, ಸ್ಟ್ಯಾಂಡಿನ ಒಂದು ಕಾಲು ಕಾಣುತ್ತಿತ್ತು. ಇನ್ನೊಂದು ಹೆಜ್ಜೆ ಇಟ್ಟು ಕತ್ತೆತ್ತಿದ್ದರೆ ಸಾಕಿತ್ತು. ಪಾಪಮ್ಮ ಕೈ ಚಾಚಿದಳು. 

ವನಿತಾ ಆ ಕೈಯನ್ನು ನೋಡಿದಳು. ಸೆರಗನ್ನು ಹೊಟ್ಟೆಯ ಮೇಲೆ ಎಳೆದುಕೊಂಡಳು.

"ನಾ ಬರಲ್ಲ," ಅಂದಳು. "ಬಾಗ್ಲು ಹಾಕಿ ಅತ್ತೆ."