ಕೆಂಪು ಗೆರೆ ಇರುವಷ್ಟು ಹೊತ್ತು

ಇಸೊಮಾರುವಿಗೆ ಈಗ ಹನ್ನೆರಡು ವರ್ಷ. ಇಪ್ಪತ್ತೊಂದು ವರ್ಷದ ಹಿಂದೆ ಟಿವಿಯಲ್ಲಿ ಅವನ ಕತೆ ಶುರುವಾದಾಗ ಹನ್ನೊಂದಾಗಿತ್ತು. ಅವನಿಗೆ ಧ್ವನಿ ಕೊಡುವ ಮಿಕುರಿಯಾ ತಾಜುಕೊಗೆ ಆಗ ಐವತ್ತು, ಈಗ ಎಪ್ಪತ್ತೊಂದು. ಕಾರ್ಟೂನಿನ ಹುಡುಗನಿಗೆ ವಯಸ್ಸಾಗುವುದಿಲ್ಲವೆಂದು ಧ್ವನಿ ಕೊಡುವವಳ ಗಂಟಲು ಸುಮ್ಮನಿರುತ್ತದೆಯೇ?

ಗುರುವಾರ ಬೆಳಗ್ಗೆ ಹತ್ತಕ್ಕೆ ಧ್ವನಿಮುದ್ರಣ. ನೆರಿಮಾ ನಿಲ್ದಾಣದ ಹಿಂದೆ, ಕೆಳಗೆ ನೂಡಲ್ ಅಂಗಡಿ ಇರುವ ಕಟ್ಟಡದ ಎರಡನೇ ಮಹಡಿ. ಒಂದು ಕೋಣೆ, ನಾಲ್ಕು ಮೈಕು, ಎದುರಿಗೊಂದು ಪರದೆ. ಹಾಳೆ ತಿರುವಿದ ಸದ್ದು ಕೂಡ ಮೈಕಿಗೆ ಬೀಳಬಾರದು, ಅಷ್ಟು ಕಟ್ಟುನಿಟ್ಟು. ಪರದೆಯ ಮೇಲೆ ಬಣ್ಣದ ಚಿತ್ರ ಎಲ್ಲಿಂದ ಬರಬೇಕು? ಅದಿನ್ನೂ ಬರೆದೇ ಆಗಿರುವುದಿಲ್ಲ. ಬರೀ ಪೆನ್ಸಿಲಿನ ಗೀಚು, ಅದರ ಮೇಲೆ ಯಾರ ಸರದಿಯೋ ಅವರ ಬಣ್ಣದ ಗೆರೆ. ಇಸೊಮಾರುವಿನದು ಕೆಂಪು, ಅವನ ಜೊತೆಗಿರುವ ನರಿಯದು ನೀಲಿ. ಗೆರೆ ಕಾಣುವಷ್ಟು ಹೊತ್ತು ಮಾತಾಡಬೇಕು, ಗೆರೆ ಹೋದ ಕೂಡಲೇ ಬಾಯಿ ಮುಚ್ಚಬೇಕು. ಆ ಗೆರೆಯ ಉದ್ದ ಗೊತ್ತುಮಾಡುವವನು ನಿರ್ದೇಶಕ ಸಗಾಯೆ. ಕೊರಳಲ್ಲಿ ಸ್ಟಾಪ್‌ವಾಚು ನೇತುಹಾಕಿಕೊಂಡು, ಒಂದೊಂದು ಮಾತನ್ನೂ ತಾನೇ ಆಡಿ ನೋಡಿ ಅಳೆಯುತ್ತಾನೆ.

ಸಗಾಯೆಯನ್ನು ಬೈಯದ ಪ್ರೇಕ್ಷಕ ಜಪಾನಿನಲ್ಲಿ ಸಿಗುವುದಿಲ್ಲ. ಮೂಲ ಕತೆ ವಾರಪತ್ರಿಕೆಯಲ್ಲಿ ಬರುವ ಕಾಮಿಕ್ಸ್. ಬರೆಯುವ ಒರಿಕಾಸಾ ಎರಡು ವಾರ ಬರೆದರೆ ಒಂದು ವಾರ ರಜೆ. ಟಿವಿಗೆ ರಜೆ ಎಂಬುದಿಲ್ಲ, ಪ್ರತಿ ಭಾನುವಾರ ಬರಲೇಬೇಕು, ಆದರೆ ಪತ್ರಿಕೆಯನ್ನು ದಾಟಿ ಮುಂದೆ ಹೋಗುವ ಹಾಗಿಲ್ಲ. ಏನು ಮಾಡುವುದು? ಎಳೆಯುವುದು. ಇಸೊಮಾರು ದೀಪಸ್ತಂಭದ ಮೆಟ್ಟಿಲು ಹತ್ತಲು ಶುರುಮಾಡಿದವನು ಮೂರು ವಾರ ಹತ್ತಿದ. ಶುರುವಿಗೆ ಐದು ನಿಮಿಷ 'ಹಿಂದಿನ ಕತೆ', ಆಮೇಲೆ ಅಲೆ, ಮೋಡ, ಹುಡುಗನ ಬೆವರು, ಮತ್ತೆ ಅಲೆ. 'ನಮ್ಮಜ್ಜಿ ಮಂಡಿನೋವಿಟ್ಕೊಂಡು ಇದಕ್ಕಿಂತ ಬೇಗ ಹತ್ತುತ್ತಾಳೆ' ಎಂದು ಯಾರೋ ಇಂಟರ್ನೆಟ್ಟಿನಲ್ಲಿ ಬರೆದಿದ್ದ.

ತಾಜುಕೊ ಕೂಡ ಕಾಲೆಳೆಯುತ್ತಿದ್ದಳು. "ಏನ್ರೀ ಡೈರೆಕ್ಟ್ರೇ, ಹುಡುಗ ಇನ್ನೂ ಮೆಟ್ಲ ಮೇಲೇ ಇದಾನಾ? ಅಷ್ಟರಲ್ಲಿ ನಾನು ಸ್ವರ್ಗಕ್ಕೇ ಹತ್ತಿಬಿಡ್ತೀನಿ."

"ಹತ್ತಿ ಹತ್ತಿ. ಅಲ್ಲಿಗೂ ಮೈಕ್ ಕಳಿಸ್ತೀನಿ" ಎನ್ನುತ್ತಿದ್ದ ಸಗಾಯೆ.

ಕೆಲಸ ಮುಗಿದಾಗ ಒಬ್ಬರಿಗೊಬ್ಬರು "ದಣಿದ್ರಿ" ಅನ್ನುವುದು ಅಲ್ಲಿನ ಪದ್ಧತಿ. ತಾಜುಕೊ ಅದನ್ನು ಇಸೊಮಾರುವಿನ ಧ್ವನಿಯಲ್ಲೇ ಕೂಗುತ್ತಿದ್ದಳು: "ದಣಿದ್ರಿ, ಎಲ್ರೂ ದಣಿದ್ರಿ!" ಇಪ್ಪತ್ತೊಂದು ವರ್ಷ ಒಂದು ಗುರುವಾರವೂ ತಪ್ಪಿರಲಿಲ್ಲ. ಗಾಜಿನಾಚೆ ಕೂತವರು ಪ್ರತಿಸಲವೂ ನಗುತ್ತಿದ್ದರು.

ನವೆಂಬರಿನಲ್ಲಿ ಡಾಕ್ಟರು ಅವಳ ಗಂಟಲಿಗೆ ಸಣ್ಣ ಕೊಳವೆ ಇಳಿಸಿ ನೋಡಿದರು. ಧ್ವನಿತಂತಿಯ ಮೇಲೆ ಅಕ್ಕಿಕಾಳಿನಷ್ಟು ಗಡ್ಡೆ.

"ತೆಗೀಲೇಬೇಕು. ತೆಗೆದ್ರೆ ಮಾತಿಗೇನೂ ತೊಂದ್ರೆ ಇಲ್ಲ. ಆದ್ರೆ ಆ ಹುಡುಗನ ಧ್ವನಿ ಮತ್ತೆ ಬರುತ್ತೆ ಅಂತ ನಾನು ಹೇಳಲಾರೆ" ಎಂದರು.

"ತೆಗೀದೇ ಇದ್ರೆ?"

"ಇವತ್ತೋ, ಮುಂದಿನ ತಿಂಗಳೋ, ಒಂದಿನ ಬಾಯಿ ತೆಗೆದ್ರೆ ಗಾಳಿ ಬರುತ್ತೆ ಅಷ್ಟೇ. ಏಪ್ರಿಲ್ ದಾಟಿಸ್ಬೇಡಿ."

ತಾಜುಕೊ ಯಾರಿಗೂ ಹೇಳಲಿಲ್ಲ. ಹೇಳಿದರೇನಾಗುತ್ತದೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಇದೇ ಕಾರ್ಟೂನಿನಲ್ಲಿ ಹಡಗಿನ ಅಡುಗೆಯವನಿಗೆ ಧ್ವನಿ ಕೊಡುತ್ತಿದ್ದ ಮುದುಕ ತೀರಿಕೊಂಡಾಗ ನಾಲ್ಕು ಸಾಲಿನ ಪ್ರಕಟಣೆ ಬಂತು. ಹದಿನೈದು ದಿನಕ್ಕೆ ಇನ್ನೊಬ್ಬ ಬಂದು ನಿಂತ. ವ್ಯತ್ಯಾಸವೇ ಗೊತ್ತಾಗಲಿಲ್ಲ ಎಂದು ಜನ ಹೊಗಳಿದರು. ಅಯ್ಯೋ, ಅದೂ ಒಂದು ಹೊಗಳಿಕೆಯೇ? ಸತ್ತವನಿಗೆ ಅದಕ್ಕಿಂತ ದೊಡ್ಡ ಪೆಟ್ಟು ಬೇಕೇ?

ಅವಳ ಭಯ ಕೆಲಸ ಹೋಗುವುದರದಲ್ಲ. ಟಿವಿಯಲ್ಲಿ ಕತೆಗೆ ಹತ್ತು ವರ್ಷ ತುಂಬಿದ ಊಟದ ದಿನ ಒರಿಕಾಸಾ ಅವಳ ಪಕ್ಕ ಬಂದು ಕೂತು, ಬಟ್ಟಲಿಗೆ ಸಾಕೆ ಮದ್ಯ ಬಗ್ಗಿಸುತ್ತಾ ಕಿವಿಯಲ್ಲಿ ಹೇಳಿದ್ದ: "ಕತೆಯ ಕೊನೇ ಮಾತು ಒಂದೇ ಅಕ್ಕಾ. ಅಪ್ಪನ್ನ ಹುಡುಕ್ತೀನಿ ಅಂತ ಮನೆ ಬಿಟ್ಟ ಇಸೊಮಾರು ವಾಪಸ್ ಬಂದು ಬಾಗಿಲಲ್ಲಿ ನಿಂತು 'ಅಮ್ಮಾ, ಬಂದೆ' ಅಂತಾನೆ. ಅದು ನಿಮ್ಮ ಬಾಯಲ್ಲೇ ಬರ್ಬೇಕು. ಯಾರಿಗೂ ಹೇಳ್ಬೇಡಿ." ಅಂದಿನಿಂದ ಆ ಎರಡು ಪದಗಳನ್ನು ಅವಳು ಮಡಿಲಲ್ಲಿ ಕಟ್ಟಿಕೊಂಡು ಬದುಕಿದ್ದಳು. ಮಕ್ಕಳಿಲ್ಲದವಳು. ಮನೆಗೆ ಬರಬೇಕಾದ ಮಗು ಅವಳಿಗೆ ಅದೊಂದೇ.

ಈಗ ಒರಿಕಾಸಾನ ಲೆಕ್ಕದಲ್ಲಿ ಕತೆ ಮುಗಿಯಲು ಇನ್ನೂ ಐದು ವರ್ಷವಿತ್ತು. ಸಗಾಯೆಯ ಎಳೆತದಿಂದ ವಾರವಾರವೂ ಅವಳ ಗಂಟಲಿಗೆ ಬಿಡುವು ಸಿಗುತ್ತಿತ್ತು, ನಿಜ. ಐದು ನಿಮಿಷದ 'ಹಿಂದಿನ ಕತೆ'ಗೆ ಹಳೆಯ ಧ್ವನಿಯೇ ಸಾಕು, ಅಲೆ ಮೋಡಗಳಿಗೆ ಮಾತೇ ಬೇಡ. ಆದರೆ ಅದೇ ಎಳೆತದಿಂದ ಆ ಬಾಗಿಲು ವಾರವಾರವೂ ದೂರ ಸರಿಯುತ್ತಿತ್ತು. ಓಡಿದರೆ ಗಂಟಲು ಹೋಗುತ್ತದೆ, ನಿಂತರೆ ಮನೆ ಸಿಗುವುದಿಲ್ಲ. ಹಲ್ಲುಜ್ಜುವಾಗ, ಟೀ ಸೋಸುವಾಗ, ಬೆಳಗ್ಗೆ ಕಣ್ಣು ಬಿಟ್ಟ ಕೂಡಲೇ ಅವಳು ಮೆಲ್ಲಗೆ "ಓಯ್" ಎಂದು ಹುಡುಗನ ಧ್ವನಿಯಲ್ಲಿ ಕರೆದು ನೋಡುತ್ತಿದ್ದಳು. ಇದ್ದಾನೆ. ಇವತ್ತಿಗೆ ಇದ್ದಾನೆ.

ಅದೇ ತಿಂಗಳು ಇಸೊಮಾರು ಕೊನೆಗೂ ದೀಪಸ್ತಂಭದ ತುದಿ ಮುಟ್ಟಿ, ಮುಳುಗುತ್ತಿರುವ ಹಡಗನ್ನು ನೋಡಿ ಕಿರುಚುವ ಸಂಚಿಕೆಯ ಧ್ವನಿಮುದ್ರಣ ಬಂತು. ತಾಜುಕೊ ಹೊಟ್ಟೆ ಬಿಗಿಹಿಡಿದು ಕಿರುಚಿದಳು. ಕೊನೆಗೆ ಸ್ವಲ್ಪ ಒಡೆಯಿತೇನೋ ಅನ್ನಿಸಿತು. ಗಾಜಿನಾಚೆ ಸಗಾಯೆ ಕೈಯೆತ್ತಿ "ಸರಿಹೋಯ್ತು" ಎಂದ. ಅವಳು ಬೆನ್ನೆಲ್ಲಾ ಬೆವೆತು ಕುರ್ಚಿಯಲ್ಲಿ ಕುಸಿದಳು.

ಆ ಸಂಚಿಕೆ ಪ್ರಸಾರವಾದದ್ದು ಜನವರಿಯ ಒಂದು ಭಾನುವಾರ ಬೆಳಗ್ಗೆ. ಸಾಮಾನ್ಯವಾಗಿ ತನ್ನ ಸಂಚಿಕೆ ನೋಡದ ತಾಜುಕೊ ಆವತ್ತು ಆ ಒಡಕು ಕೇಳಿಸುತ್ತದೆಯೇ ಎಂದು ಅನ್ನದ ಬಟ್ಟಲು ಹಿಡಿದು ಕೊತಾತ್ಸು ಮೇಜಿನ ಬೆಚ್ಚಗಿನ ಹೊದಿಕೆಯೊಳಗೆ ಕಾಲು ತೂರಿಸಿ ಟಿವಿ ಮುಂದೆ ಕೂತಿದ್ದಳು. ಇಸೊಮಾರು ತುದಿಗೆ ಬಂದ, ಬಾಯಿ ತೆರೆದ, ಕಿರುಚಿದ.

ಅದು ಅವಳ ಕಿರುಚಲ್ಲ.

ಅದೇ ಧ್ವನಿ, ಅದೇ ಬಿಕ್ಕು, ಆದರೆ ಒಡಕಿಲ್ಲ. ಸ್ವಚ್ಛವಾದ, ಗಟ್ಟಿಯಾದ ಕಿರುಚು. ಇಡೀ ದೇಶದಲ್ಲಿ ಒಬ್ಬರಿಗೂ ಗೊತ್ತಾಗಲಾರದು. ಹೆತ್ತ ಮಗು ನೆರೆಮನೆಯವಳನ್ನು ಅಮ್ಮಾ ಎಂದು ಕರೆದ ಹಾಗಾಯಿತು ತಾಜುಕೊಗೆ. ಬಿಕ್ಕಿನ ಕೊನೆಯಲ್ಲಿ ಮೂಗಿನಿಂದ ಒಂದಿಷ್ಟು ಉಸಿರು ಬಂತು. ಆ ಉಸಿರು ಯಾರದೆಂದು ಅವಳಿಗೆ ಗೊತ್ತು. ಪಕ್ಕದ ಮೈಕಿನಲ್ಲಿ ಹದಿನಾರು ವರ್ಷದಿಂದ ನರಿಯ ಧ್ವನಿ ಕೊಡುತ್ತಿರುವ ನಗೊಶಿಯದು. ಗೊತ್ತಾಗಿದೆ ಇವರಿಗೆ. ಎಲ್ಲಾ ಗೊತ್ತಾಗಿದೆ. ನನ್ನ ಜಾಗಕ್ಕೆ ಆಗಲೇ ಜನ ಬಂದಾಯಿತು. ಬಟ್ಟಲಿನಲ್ಲಿದ್ದ ಅನ್ನ ಆರಿ ಹೋಯಿತು.

ಗುರುವಾರ ಅವಳು ಒಂಬತ್ತಕ್ಕೇ ಸ್ಟುಡಿಯೊಗೆ ಹೋದಳು. ಯಂತ್ರ ನೋಡಿಕೊಳ್ಳುವ ಕುಸಾಕಾ, ಸಗಾಯೆ, ನಗೊಶಿ, ಮೂವರೂ ಅಲ್ಲಿದ್ದರು. ಅವಳನ್ನು ಕಂಡದ್ದೇ ನಗೊಶಿಯ ಮುಖ ಬಿಳಿಚಿಕೊಂಡಿತು.

"ಏನಮ್ಮಾ ನರಿ, ಬೇಗ ಬಂದಿದೀಯ? ನನ್ನ ಕಿರುಚು ಕಿರುಚೋಕಾ?"

"ಅಕ್ಕಾ, ಹಾಗಲ್ಲ..."

"ಹಾಗಲ್ದೆ ಹೇಗೆ? ನನ್ನ ಬೆನ್ನ ಹಿಂದೆ ನನ್ನ ಹುಡುಗನ ಬಾಯಿಗೆ ಕೈ ಹಾಕಿದ್ಯಲ್ಲೇ! ಹೊಟ್ಟೆಗೇನು ತಿಂತೀಯ ನೀನು?"

ನಗೊಶಿ ನಲವತ್ಮೂರರ ಹೆಂಗಸು, ಗಟ್ಟಿಗಿತ್ತಿ. ಆದರೂ ಅಳು ತಡೆಯಲಾಗಲಿಲ್ಲ. ಸಗಾಯೆ ನಡುವೆ ಬಂದ.

"ಅವಳನ್ನ ಬೈಬೇಡಿ. ಹೇಳಿದ್ದು ನಾನು. ಎರಡು ವರ್ಷದಿಂದ ದೊಡ್ಡ ಕಿರುಚೆಲ್ಲಾ ಅವಳ್ದೇ. ನೀವು ಹೋದ್ಮೇಲೆ ತಗೋತಿದ್ವಿ. ಮಾತು ಮಾತ್ರ ಒಂದೂ ಮುಟ್ಟಿಲ್ಲ."

"ಎರಡು ವರ್ಷದಿಂದಾನಾ?"

"ನಿಮ್ಮ ಉಸಿರು ಗಿಡ್ಡ ಆಗ್ತಿದೆ ಅಂತ ನನ್ನ ವಾಚಿಗೆ ಆಗ್ಲೇ ಗೊತ್ತಾಗಿತ್ತು. ಅದಕ್ಕೇ ನಿಮ್ಮ ಗೆರೆ ಉದ್ದ ಮಾಡ್ತಾ ಬಂದೆ. ಮೂರು ಸೆಕೆಂಡಿನ ಮಾತಿಗೆ ಐದು ಸೆಕೆಂಡು. ಆಮೇಲೆ ಒಂದು ಅಲೆ, ಒಂದು ಮೋಡ. ನೀವು ಕೂತು ನೀರು ಕುಡೀಲಿ ಅಂತ."

ಗೆರೆ ಉದ್ದವಾಗಿದ್ದು ತಾಜುಕೊಗೂ ಗೊತ್ತಿತ್ತು. ಎಳೆಯುವ ಚಾಳಿ ಮಾತಿಗೂ ಅಂಟಿತು ಎಂದುಕೊಂಡು ಅವನನ್ನು ಎಷ್ಟು ಸಲ ಹಂಗಿಸಿದ್ದಳು! ಆ ಮೂರು ವಾರದ ಮೆಟ್ಟಿಲು? ಊರೆಲ್ಲಾ ಉಗಿದದ್ದು?

"ಒರಿಕಾಸಾ ನಿಧಾನ ಅಂತ ಎಳೆದದ್ದು ಅರ್ಧ" ಎಂದ ಸಗಾಯೆ. "ಇನ್ನರ್ಧ ನಿಮಗೆ."

"ಹೇಳ್ಬಾರ್ದಿತ್ತೇನ್ರೀ ನಂಗೆ?"

"ಹೇಳಿದ್ರೆ ಮಾರನೇ ವಾರ ನೀವು ಬರ್ತಿದ್ರಾ?"

ಬರುತ್ತಿರಲಿಲ್ಲ. ಸಗಾಯೆ ಕೊರಳಿನ ವಾಚು ಹಿಡಿದುಕೊಂಡು ನೆಲ ನೋಡಿದ.

"ಇವತ್ತು ಹೇಗಿದ್ರೂ ಹೇಳೋದಿತ್ತು. ಏಪ್ರಿಲ್‌ನಿಂದ ನಾನಿರಲ್ಲ. ಚಾನೆಲ್‌ನೋರಿಗೆ ಈ ನಿಧಾನ ಸಾಕಾಗಿದೆ. ವರ್ಷಕ್ಕೆ ಮೂರೇ ತಿಂಗಳು ಹಾಕ್ತಾರಂತೆ, ವಾರಕ್ಕೊಂದು ಅಧ್ಯಾಯ, ಓಟದ ಮೇಲೆ. ಹೊಸ ಡೈರೆಕ್ಟರು. ಗೆರೆ ಮಾತಿನಷ್ಟೇ ಉದ್ದ ಇರುತ್ತೆ. ಎಳೆಯೋಕೆ ಇನ್ನು ನಂಗೆ ಉಳಿದಿರೋದು ಹತ್ತು ವಾರ."

ತಾಜುಕೊ ಕುರ್ಚಿ ಹಿಡಿದಳು. ಆಗ ಅವಳ ಬಾಯಿಂದ ಎಲ್ಲವೂ ಬಂತು: ಅಕ್ಕಿಕಾಳಿನ ಗಡ್ಡೆ, ಡಾಕ್ಟರ ಮಾತು, ಹನ್ನೊಂದು ವರ್ಷ ಮಡಿಲಲ್ಲಿಟ್ಟಿದ್ದ ಕೊನೆಯ ಮಾತು. ಹೇಳುವಾಗಲೇ ಗಂಟಲು ಎರಡು ಸಲ ಕಟ್ಟಿತು.

ಸಗಾಯೆ ಒಂದು ಗಳಿಗೆಯೂ ಯೋಚಿಸಲಿಲ್ಲ. "ಒಳಗೆ ಹೋಗಿ. ಆ ಮಾತು ಈಗ್ಲೇ ತಗೊಳ್ಳೋಣ."

"ಈಗಲಾ? ಚಿತ್ರ ಇಲ್ಲ, ಒರಿಕಾಸಾ ಅದನ್ನ ಬರೆದೇ ಇಲ್ಲ!"

"ಇಲ್ದಿದ್ರೆ ಇಲ್ಲ."

"ಅದನ್ನ ತಗೊಂಡು ಡಬ್ಬಿಗೆ ಹಾಕಿಟ್ಕೊಂಡ್ಮೇಲೆ ನಾನ್ಯಾಕ್ರೀ ಬೇಕು ನಿಮಗೆ? ನಾಳೇನೇ ನಾಲ್ಕು ಸಾಲು ಬರೆದು ಕಳಿಸ್ತಾರೆ. ನಂಗೆ ಭಯ ಆಗುತ್ತೆ ಡೈರೆಕ್ಟ್ರೇ. ಅದೊಂದು ಮಾತು ಒಳಗಿದೆ ಅಂತ್ಲೇ ಇವನು ಇನ್ನೂ ನನ್ನ ಬಿಟ್ಟು ಹೋಗಿಲ್ಲ."

ನಗೊಶಿ ಕಣ್ಣೊರೆಸಿಕೊಂಡು ಹತ್ತಿರ ಬಂದಳು. "ಅಕ್ಕಾ, ಕಿರುಚೋದು ನಂಗೆ ಬರುತ್ತೆ. ಅದು ಬರಲ್ಲ. ಮನೇಲಿ ಎಷ್ಟು ಸಲ ಪ್ರಯತ್ನ ಪಟ್ಟಿದೀನಿ ಗೊತ್ತಾ, ಅವನು ಮೆಲ್ಲಗೆ ಮಾತಾಡೋದು? ಬರೋದೇ ಇಲ್ಲ. ನೀವು ಆಡದೇ ಹೋದ್ರೆ ಆ ಮಾತು ನನ್ನ ಬಾಯಲ್ಲಿ ಹಾಳಾಗುತ್ತೆ. ಹೋಗಿ ಅಕ್ಕಾ, ದಮ್ಮಯ್ಯ."

ತಾಜುಕೊ ಒಳಗೆ ಹೋದಳು. ಬಾಗಿಲು ಮುಚ್ಚಿತು. ಇಪ್ಪತ್ತೊಂದು ವರ್ಷ ನಿಂತ ಮೈಕು ಆವತ್ತು ಗುರುತೇ ಇಲ್ಲದ್ದರಂತೆ ಕಂಡಿತು. ಬರುತ್ತಾನೋ ಇಲ್ಲವೋ? ಬೆಳಗ್ಗೆ "ಓಯ್" ಅಂದಾಗ ಇದ್ದ. ಆಮೇಲೆ ಇಷ್ಟು ಕೂಗಾಡಿದ್ದೇನೆ, ಇಷ್ಟು ಮಾತಾಡಿದ್ದೇನೆ. ಬಾಗಿಲಿಗೆ ಬಂದವನು ಅಲ್ಲಿಂದಲೇ ತಿರುಗಿ ಹೋಗಿಬಿಟ್ಟರೆ?

ಕುಸಾಕಾ ಕೇಳಿದ್ದು ಸ್ಪೀಕರಿನಲ್ಲಿ ಕೇಳಿಸಿತು. "ಚಿತ್ರ ಇಲ್ವಲ್ಲ ಸರ್, ಗೆರೆ ಹಾಕ್ಬೇಕಾ?"

"ಹಾಕು."

"ಎಷ್ಟು ಸೆಕೆಂಡು?"

"ಹಾಕಿಬಿಡು. ತೆಗೀಬೇಡ."

ಬಿಳಿಯ ಪರದೆ ಬೆಳಗಿತು. ಅದರ ಮೇಲೆ ಕೆಂಪು ಗೆರೆಯೊಂದು ಬಂದು ನಿಂತಿತು. ತಾಜುಕೊ ಅದು ಹೋಗಿಬಿಡುತ್ತದೆಂದು ಹೆದರಿ ಅದನ್ನೇ ನೋಡಿದಳು. ಹೋಗಲಿಲ್ಲ. ಅವಳು ಒಂದು ಉಸಿರು ಎಳೆದುಕೊಂಡಳು, ಬಿಟ್ಟಳು. ಇನ್ನೊಂದು ಎಳೆದುಕೊಂಡಳು. ಯಾರೂ ಅವಸರಪಡಿಸಲಿಲ್ಲ.

"ಅಮ್ಮಾ..."

ಬಂದಿದ್ದ. ಮೆಟ್ಟಿಲು ಹತ್ತಿ ದಣಿದು ಬಂದಿದ್ದ. ಬೈಸಿಕೊಳ್ಳುತ್ತೇನೇನೋ ಎಂಬ ಹೆದರಿಕೆ, ಅಮ್ಮ ಇದ್ದಾಳೋ ಇಲ್ಲವೋ ಎಂಬ ಹೆದರಿಕೆ, ಎಲ್ಲವೂ ಆ ಧ್ವನಿಯಲ್ಲಿತ್ತು.

"...ಬಂದೆ."

ಗಾಜಿನಾಚೆ ಸಗಾಯೆ ಕೈಯಲ್ಲಿದ್ದ ವಾಚು ನೋಡಿಕೊಂಡ. ಅದರಲ್ಲಿ ಸೊನ್ನೆ ಇತ್ತು. ಒತ್ತುವುದನ್ನೇ ಮರೆತಿದ್ದ.

"ಇನ್ನೊಂದ್ಸಲ ತಗೊಳ್ಳೋಣ್ವಾ ಸರ್?" ಕುಸಾಕಾ ಪಿಸುಗುಟ್ಟಿದ.

"ಬೇಡ. ಅದು ಎಷ್ಟಿದ್ಯೋ ಅಷ್ಟಕ್ಕೆ ಚಿತ್ರ ಬರ್ಕೊಳ್ಳಲಿ."

ತಾಜುಕೊ ಮುಖದಲ್ಲಿ ನಗು ಬಂತು. ವಾರವಾರದ ಅಭ್ಯಾಸದಂತೆ ಗಾಜಿನ ಕಡೆ ತಿರುಗಿ, ಕೈಯೆತ್ತಿ, ಹುಡುಗನ ಧ್ವನಿಯಲ್ಲಿ "ದಣಿದ್ರಿ" ಎಂದು ಕೂಗಲು ಬಾಯಿ ತೆರೆದಳು.

ಗಾಳಿ ಬಂತು.

ಮತ್ತೆ ತೆರೆದಳು. ಗಾಳಿ. ತನ್ನದೇ ಧ್ವನಿಯಲ್ಲಿ ಕುಸಾಕಾನ ಹೆಸರು ಕರೆದು ನೋಡಿದಳು. ಅದೂ ಇಲ್ಲ. ಕೈ ತಾನಾಗಿ ಗಂಟಲಿಗೆ ಹೋಯಿತು. ನಗೊಶಿ ಬಾಗಿಲು ತಳ್ಳಿಕೊಂಡು ಓಡಿಬಂದು ಅವಳನ್ನು ತಬ್ಬಿ ಹಿಡಿದಳು.

ಮೆಟ್ಟಿಲ ಬಳಿ ಉಳಿದ ಕಲಾವಿದರ ಮಾತು, ನಗೆ, ಕೊಡೆ ಕೊಡವುವ ಸದ್ದು ಕೇಳತೊಡಗಿತ್ತು. ಸಗಾಯೆ ಫೋನಿನಲ್ಲಿ ಮಾತಾಡುತ್ತಲೇ ಒಳಗೆ ಬಂದ. "ಹೌದು, ಇವತ್ತಿನ ಸಂಚಿಕೆ ಬಿಡಿ. ಪೂರ್ತಿ 'ಹಿಂದಿನ ಕತೆ' ಹಾಕ್ತೀನಿ. ಇಪ್ಪತ್ತು ನಿಮಿಷಾನೂ ಹಳೇದೇ. ಬೈತಾರೆ, ಗೊತ್ತು. ನನ್ನ ಹೆಸರಿಟ್ಟೇ ಬೈಲಿ."

ತಾಜುಕೊ ಅವನ ತೋಳು ಹಿಡಿದಳು. ಕಣ್ಣಗಲಿಸಿ ಒಂದು ಬೆರಳು ಎತ್ತಿ ತೋರಿಸಿದಳು, ಆಮೇಲೆ ಎರಡು, ಆಮೇಲೆ ಐದೂ. ಎಷ್ಟು ವಾರ? ಅರ್ಧ ಸೆಕೆಂಡು ಹೆಚ್ಚಾದರೂ ಹಿಡಿಯುವ ಆ ಮನುಷ್ಯ ಅವಳ ಬೆರಳುಗಳನ್ನೇ ನೋಡುತ್ತಾ ನಿಂತ.

"ಗೊತ್ತಿಲ್ಲ ಅಮ್ಮಾ" ಎಂದ. ಇಷ್ಟು ವರ್ಷದಲ್ಲಿ ಅವಳನ್ನು ಅವನು ಹಾಗೆ ಕರೆದಿರಲಿಲ್ಲ. "ನನ್ನ ಕೈಲಾದಷ್ಟು ಎಳೀತೀನಿ."

ಗಾಜಿನಾಚೆ ಕುಸಾಕಾ ಕೆಂಪು ಗೆರೆ ಇನ್ನೂ ನಿಂತಿದ್ದ ಪರದೆ ಆರಿಸಲು ಕೈ ಚಾಚಿದ. ತಾಜುಕೊ ಬೇಡ ಬೇಡವೆಂದು ಕೈಯಾಡಿಸಿದಳು. ಅವನು ಹಾಗೇ ಬಿಟ್ಟ.