ನೂರು ಎಣಿಸುವ ತನಕ

ನನ್ನ ಬಾಯಿ ಕೆಟ್ಟದ್ದು. ಅದು ನನಗೂ ಗೊತ್ತು, ಊರಿಗೂ ಗೊತ್ತು. ಆದರೆ ಆ ಭಾನುವಾರ ಅದು ಆಡಿದ ಮಾತು ನೆನೆದರೆ ಈಗಲೂ ಕೈಕಾಲು ತಣ್ಣಗಾಗುತ್ತವೆ.

ಪಕ್ಕದೂರು ಟೇಕಲ್ ಹುಡುಗರಿಗೂ ನಮ್ಮ ಹಳ್ಳಿಯ ಹುಡುಗರಿಗೂ ಅವತ್ತು ಬೆಳಿಗ್ಗೆ ಚೆಡುಗುಡು ಪಂದ್ಯ, ಕಬಡ್ಡಿಯ ಹಾಗೆ ಒಂದೇ ಉಸಿರಿನ ಆಟ. ಎರಡನೇ ಮಹಾಯುದ್ಧ ನಡೆಯುತ್ತಿದ್ದ ಕಾಲ ಅದು. ಆಡುವವರು ಮಕ್ಕಳು, ಮೀಸೆ ತಿರುವುತ್ತಿದ್ದವರು ನಾವು ಅಪ್ಪಂದಿರು. ನನ್ನ ಮಗ ಕದಿರೇಶನಿಗೆ ಹತ್ತು ವರ್ಷ. ಕಾಲು ಚುರುಕು, ದಮ್ಮು ಮಾತ್ರ ಕಮ್ಮಿ. ಅದಕ್ಕೆ ನಾನೇ ಒಂದು ಪಾಠ ಕಂಡುಹಿಡಿದಿದ್ದೆ. ದಿನಾ ಅವನನ್ನು, ಎತ್ತು ಕಟ್ಟಿ ಚರ್ಮದ ಚೀಲದಲ್ಲಿ ನೀರೆತ್ತುವ ನಮ್ಮ ಕಪಿಲೆ ಬಾವಿಯ ಮೆಟ್ಟಿಲಿಳಿಸಿ, ತಲೆ ನೀರಲ್ಲಿ ಮುಳುಗಿಸಿ, ಮೇಲೆ ನಿಂತು ಎಣಿಸುವುದು. ನೂರು ಮುಟ್ಟಬೇಕು. ಅವನು ಎಂದೂ ಅರವತ್ತು ದಾಟಿರಲಿಲ್ಲ.

ಪಂದ್ಯದ ಕೊನೆಗೆ ನಮ್ಮ ಕಡೆ ಉಳಿದವನು ಅವನೊಬ್ಬನೇ. ಗೆರೆಯ ಹೊರಗಿನಿಂದ ನಾನು ಕಿರುಚುತ್ತಲೇ ಇದ್ದೆ. ಅವನು ಒಮ್ಮೆ ನನ್ನ ಕಡೆ ನೋಡಿದ. ನೋಡಿದ್ದೇ ತಡ, ದಮ್ಮು ಮುರಿಯಿತು. ಸೋತೆವು.

"ಮೂರು ಹೊತ್ತೂ ತಿಂದು ಇದೇನ್ಲಾ ನಿನ್ನ ದಮ್ಮು?" ಎಂದು ಎಲ್ಲರೆದುರು ಕಪಾಳಕ್ಕೆ ಬಿಗಿದೆ. "ಹೋಗು, ಬಾವೀಲಿ ಮುಳುಗಿ ನೂರು ಎಣಿಸ್ಕೊಂಡು ಬಾ. ಅಲ್ಲೀ ತನಕ ನನ್ನ ಹೊಸಿಲು ತುಳೀಬೇಡ."

ಅವನು ತಲೆಯಾಡಿಸಿ ಹೋದ.

ಮನೆಗೆ ಬಂದು ಮುದ್ದೆ ಮುರಿಯುವಾಗ ಹೆಂಡತಿ ಶಾಮಲಮ್ಮ, "ಮಗ ಎಲ್ಲಿ?" ಎಂದಳು. ಆಗ ನಾನಾಡಿದ ಮಾತು ನೆನಪಾಯಿತು. ಕೈ ತೊಳೆಯದೆ ಬಾವಿಗೆ ಓಡಿದೆ. ಎರಡನೇ ಮೆಟ್ಟಿಲ ಮೇಲೆ ಅವನ ಅಂಗಿ ಮಡಿಸಿಟ್ಟಿತ್ತು. ನೀರು ಅಲುಗುತ್ತಿರಲಿಲ್ಲ.

"ಕದಿರಾ!" ಎಂದು ಕೂಗಿದೆ. ಬರೀ ನನ್ನ ದನಿಯೇ ತಿರುಗಿ ಬಂತು.

ಧುಮುಕಿದೆ. ತಳ ಸಿಗಲಿಲ್ಲ. ಮೇಲೆದ್ದು ಮತ್ತೆ ಮುಳುಗಿದೆ. ಮೂವತ್ತು ಎಣಿಸುವಷ್ಟರಲ್ಲಿ ಎದೆ ಒಡೆಯುವಂತಾಯಿತು. ನನ್ನ ದಮ್ಮು ಎಷ್ಟೆಂದು ನನಗೆ ಅವತ್ತೇ ಗೊತ್ತಾದದ್ದು.

ಪಕ್ಕದ ಹೊಲದ ಸೊಣ್ಣಪ್ಪ ಪಾತಾಳಗರಡಿ ತಂದ. ಬಾವಿಗೆ ಬಿದ್ದ ಬಿಂದಿಗೆ ಎತ್ತುವ ಕಬ್ಬಿಣದ ಕೊಕ್ಕೆಗಳ ಗೊಂಚಲು ಅದು. ಹಗ್ಗ ಕಟ್ಟಿ ಇಳಿಸುವಾಗ, ಏನೂ ಸಿಗದಿರಲಿ ದೇವರೇ ಎಂದು ಬೇಡಿಕೊಂಡೆ. ಹಗ್ಗ ಬಿಗಿಯಿತು. ಏನೋ ಭಾರ. ಹಿಂದೆಯೇ ಓಡಿಬಂದಿದ್ದ ಶಾಮಲಮ್ಮ ಚೀರಿದಳು. ನನಗೆ ಎಳೆಯಲು ಕೈ ಬರಲಿಲ್ಲ, ಸೊಣ್ಣಪ್ಪನೇ ಎಳೆದ. ಕೆಸರು ಸುರಿಸುತ್ತ ಮೇಲೆ ಬಂದದ್ದು ಕಪಿಲೆಯ ಹಳೇ ಚರ್ಮದ ಚೀಲ.

ಮತ್ತೆ ಇಳಿಸಬೇಕೆನ್ನುವಾಗ ಕುರಿ ಹೊಡೆದುಕೊಂಡು ಬಂದ ಅಂಜಮ್ಮ ಬಗ್ಗಿ ನೋಡಿ, "ಏನಪ್ಪಾ ಮುನಿರಾಮಪ್ಪ, ಬಾವೀಲಿ ಏನು ಹುಡುಕ್ತಿದೀಯ? ನಿನ್ನ ಮಗ ಆಗ್ಲೇ ಎದ್ದು ಹೋದ್ನಲ್ಲ. ಇಲ್ಲೇ ಅಳ್ತಾ ಕೂತಿದ್ದ, ಟೇಕಲ್ ಹುಡುಗ್ರು ನೋಡಿ ಬರೀ ಮೈಲೇ ಕರ್ಕೊಂಡು ಹೋದ್ರು" ಎಂದಳು.

ಒದ್ದೆ ಪಂಚೆಯಲ್ಲೇ ಟೇಕಲ್ಲಿಗೆ ಓಡಿದೆ. ಕಣ್ಣಾರೆ ಕಾಣುವ ತನಕ ನನಗೆ ನಂಬಿಕೆಯಿಲ್ಲ. ರೈಲು ಸ್ಟೇಷನ್ ಹಿಂದಿನ ಬಯಲಲ್ಲಿ ಚೆಡುಗುಡು ನಡೆದಿತ್ತು. ಗೆರೆಯ ಸುತ್ತ ದೊಡ್ಡವರು ಒಬ್ಬರೂ ಇಲ್ಲ. ಬೆಳಿಗ್ಗೆ ಸೋಲಿಸಿದವರ ನಡುವೆಯೇ ನನ್ನ ಮಗ "ಚೆಡುಗುಡು ಚೆಡುಗುಡು" ಎನ್ನುತ್ತ ಮೀನಿನ ಹಾಗೆ ನುಸುಳುತ್ತಿದ್ದ, ಮುಖದ ತುಂಬ ನಗು. ಹಾಳು ಚಾಳಿ, ನಾನು ಎಣಿಸತೊಡಗಿದೆ. ಎಂಬತ್ತು ದಾಟಿತು. ಅಷ್ಟರಲ್ಲಿ ಅವನು ನನ್ನನ್ನು ಕಂಡ.

ದಮ್ಮು ಅಲ್ಲೇ ಮುರಿಯಿತು. ಕೈಕಟ್ಟಿಕೊಂಡು ಬಂದು ಎದುರಿಗೆ ನಿಂತ.

"ಅಪ್ಪಾ, ಬಾವೀಲಿ ಅರವತ್ತೇ ಆಗಿರೋದು. ಈಗ್ಲೇ ಹೋಗಿ ಮುಳುಗ್ತೀನಿ. ಹೊಡೀಬೇಡ."

ಬಾವಿಯ ಬಳಿ ಪಟ್ಟ ಭಯ ಭಯವೇ ಅಲ್ಲ. ಮಗನ ಕಣ್ಣಲ್ಲಿ ಆ ಬಾವಿಯೇ ನಾನಾಗಿದ್ದೆ.

"ಎಣಿಸೋದು ಬೇಡ ಕಣೋ," ಎಂದೆ. "ನನ್ನನ್ನೂ ಆಟಕ್ಕೆ ಸೇರಿಸ್ಕೊಳ್ತೀರೇನ್ರೋ?"

ಗೆರೆ ದಾಟಿ "ಚೆಡುಗುಡು" ಎಂದೆ. ಎರಡನೇ ಸಲಕ್ಕೇ ಅಳು ಉಕ್ಕಿ ದಮ್ಮು ಮುರಿಯಿತು. ಹುಡುಗರು ಯಾರೂ ಹತ್ತಿರ ಬರಲಿಲ್ಲ. ಕದಿರೇಶ ಬೆಳಿಗ್ಗೆ ತನಗೆ ಹೊಡೆದಿದ್ದ ನನ್ನ ಬಲಗೈಯನ್ನೇ ನೋಡುತ್ತ ನಿಂತ. ಆಮೇಲೆ ಒಂದೊಂದೇ ಹೆಜ್ಜೆ ಬಂದು ನನ್ನ ಮೊಣಕಾಲು ತಬ್ಬಿ ಹಿಡಿದ.

"ಅಪ್ಪ ಔಟು," ಎಂದ, ಮೆಲ್ಲಗೆ.

ನಾನು ಕೊಸರಲಿಲ್ಲ.