ಇಸ್ತ್ರಿ ಯಂತ್ರದ ಕಂಬಿ

ನಮ್ಮ ಲಾಂಡ್ರಿಯಲ್ಲಿ ಆಸ್ಪತ್ರೆ, ಹೋಟೆಲುಗಳ ಬೆಡ್‌ಶೀಟುಗಳನ್ನು ಒಗೆದು ಇಸ್ತ್ರಿ ಮಾಡುತ್ತೇವೆ. ಇಸ್ತ್ರಿಗೆ ಉದ್ದನೆಯ ಬಿಸಿ ರೋಲರ್ ಇರುವ ಯಂತ್ರಗಳು, ಪ್ರತಿ ರೋಲರಿನ ಮುಂದೆ ಒಂದು ಕಂಬಿ. ಕೈ ಅದಕ್ಕೆ ತಗುಲಿದರೆ ಸಾಕು, ಯಂತ್ರ ಗಕ್ಕನೆ ನಿಂತುಬಿಡುತ್ತದೆ. ಪದೇ ಪದೇ ನಿಂತರೆ ಕೆಲಸ ಸಾಗುವುದು ಹೇಗೆ? ಅದಕ್ಕೇ ಸೂಪರ್‌ವೈಸರ್ ಕಂಬಿಯನ್ನು ಮೇಲಕ್ಕೆತ್ತಿ, ಹರಿದ ಬೆಡ್‌ಶೀಟಿನ ಪಟ್ಟಿಯಿಂದ ಕಟ್ಟಿಸುತ್ತಿದ್ದರು. ನಾವೂ ಬೆಳಿಗ್ಗೆ ಬಂದವರೇ ಮೊದಲು ಕಂಬಿ ಕಟ್ಟುತ್ತಿದ್ದೆವು, ಮುಖ ತೊಳೆದಷ್ಟು ಸಹಜವಾಗಿ.

ಹೋದ ತಿಂಗಳು ನಮ್ಮ ಜೊತೆ ಕೆಲಸ ಮಾಡುವ ಗುಬ್ಬಿಯ ಬಲಗೈ ರೋಲರಿಗೆ ಸಿಕ್ಕಿತು. ಅವಳ ಹೆಸರು ಬೇರೆ. ಸದಾ ವಟವಟ ಅನ್ನುತ್ತಾಳೆಂದು ಗುಬ್ಬಿ ಎಂದು ಕರೆದವಳು ನಾನೇ. ಸೋಮಾರಿತನಕ್ಕೆ ತಾನೇ ಕಂಬಿ ಕಟ್ಟಿಕೊಂಡಿದ್ದಳು ಎಂದು ಮಾಲೀಕರು ಅವಳನ್ನು ಕೆಲಸದಿಂದ ತೆಗೆದರು. ಚಿಕಿತ್ಸೆಯ ಖರ್ಚನ್ನೂ ಕೊಡಲಿಲ್ಲ. ನನಗೆ ಮೈಯೆಲ್ಲ ಉರಿದುಹೋಯಿತು. ಆದರೆ ನಾನೂ ಅತ್ತೆಯೂ ಇರುವುದು ಲಾಂಡ್ರಿಯ ಹಿಂದೆ, ಮಾಲೀಕರದೇ ಕೋಣೆಯಲ್ಲಿ. ನನ್ನ ಗಂಡ ತೀರಿಕೊಂಡ ಮೇಲೆ ನಮ್ಮಿಬ್ಬರಿಗೂ ಬೇರೆ ದಿಕ್ಕಿಲ್ಲ. ಬಾಯಿಗೆ ಬೀಗ ಹಾಕಿಕೊಂಡೆ.

ಸರ್ಕಾರಿ ಇನ್‌ಸ್ಪೆಕ್ಟರ್ ವಿಚಾರಣೆಗೆ ಬರುವ ದಿನ ಬೆಳಿಗ್ಗೆ ಮೊಣಕಾಲೂರಿ ಪ್ರಾರ್ಥಿಸಿದೆ. ಕರ್ತನೇ, ನಮ್ಮನ್ನು ಕಾಪಾಡು, ನನ್ನನ್ನು ಯಾರೂ ಏನೂ ಕೇಳದ ಹಾಗೆ ಮಾಡು.

ಚಹಾ ಸೋಸುತ್ತಿದ್ದ ಅತ್ತೆ ತಿರುಗಿದರು. "ದೇವರ ಹತ್ರ ಛತ್ರಿ ಕೊಡು, ಛತ್ರಿ ಕೊಡು ಅಂತೀಯ. ಕೊಟ್ರೆ ಬಿಡಿಸ್ಕೊಂಡು ಮನೆಯೊಳಗೇ ಕೂತ್ಕೋತೀಯೇನೇ?"

"ಈ ಕೋಣೆ ಹೋದ್ರೆ ನೀವೇ ಅಳ್ತೀರ, ಅತ್ತೆ."

"ಅಳ್ತೀನಿ. ದೇವರ ಮುಂದೇನೇ ಅಲ್ವಾ ಅಳೋದು. ಚಹಾ ಕುಡಿ."

ಈ ಮುದುಕಿಯ ಜೊತೆ ಮಾತಾಡಿ ಗೆದ್ದವರಿಲ್ಲ.

ಲಾಂಡ್ರಿಯಲ್ಲಿ ಬಟ್ಟೆಪಟ್ಟಿಗಳೆಲ್ಲ ಮಾಯವಾಗಿದ್ದವು. ಕಂಬಿಗಳು ಕೆಳಗಿಳಿದಿದ್ದವು. "ಯಾವಾಗಲೂ ಹೀಗೇ ಸಾರ್. ಇವರು ಕೆಲಸ ಮಾಡಿ ತೋರಿಸ್ತಾರೆ," ಎಂದು ಸೂಪರ್‌ವೈಸರ್ ಇನ್‌ಸ್ಪೆಕ್ಟರಿಗೆ ಹೇಳಿ ನನ್ನನ್ನು ಮುಂದಕ್ಕೆ ಕರೆದರು. ಅಲ್ಲಿದ್ದವರಲ್ಲಿ ಪಳಗಿದ ಕೈ ನನ್ನದೇ.

ಬೆಡ್‌ಶೀಟಿನ ಅಂಚು ಹಿಡಿದು ಒಳಗೆ ಬಿಟ್ಟೆ. ಬೆರಳ ಗೆಣ್ಣು ಕಂಬಿಗೆ ಬಡಿಯಿತು, ಯಂತ್ರ ನಿಂತಿತು. ಮತ್ತೆ ಚಾಲೂ ಮಾಡಿದರು, ಮತ್ತೆ ಬಡಿಯಿತು. ಕೈ ಅದರ ಪಾಡಿಗೆ ರೋಲರಿನ ತೀರಾ ಹತ್ತಿರಕ್ಕೆ ಹೋಗುತ್ತಿತ್ತು. ನಡುವೆ ಕಂಬಿಯಿದೆ ಎಂಬುದು ಅದಕ್ಕೆ ಗೊತ್ತೇ ಇರಲಿಲ್ಲ. ಜೊತೆಯವರು ನೆಲ ನೋಡುತ್ತಿದ್ದರು.

"ಹೊಸಬರಾ?" ಎಂದರು ಇನ್‌ಸ್ಪೆಕ್ಟರ್.

"ಹೌದು ಸಾರ್, ಮೊನ್ನೆ ಸೇರಿದ್ದು," ಎಂದ ಸೂಪರ್‌ವೈಸರ್ ನನ್ನನ್ನು ಕಣ್ಣಲ್ಲೇ ಬೇಡಿಕೊಂಡರು.

ಹೂಂ ಎಂದರೆ ಮುಗಿಯಿತು, ಕೋಣೆ ಉಳಿಯಿತು. ಆದರೆ ಗುಬ್ಬಿಯ ಕೈಯೂ ಹೀಗೇ ಹೋಗಿತ್ತಲ್ಲ, ತಡೆಯಲು ಕಂಬಿಯಿಲ್ಲದೆ. ಕರ್ತನೇ, ಛತ್ರಿ ಹಿಡಿ, ಹೊರಗೆ ಬಂದೆ ಎಂದುಕೊಂಡೆ.

"ಹೊಸಬಳಲ್ಲ ಸಾರ್. ಮದುವೆಯಾದಾಗಿಂದ ಇದೇ ಕೆಲಸ. ಕಂಬಿ ಕೆಳಗಿಟ್ಕೊಂಡು ಮಾಡ್ತಿರೋದು ಮಾತ್ರ ಇವತ್ತೇ ಮೊದಲು. ಎಲ್ಲಾ ಯಂತ್ರದ್ದೂ ಇವರೇ ಕಟ್ಟಿಸ್ತಿದ್ರು, ಕೈ ಸುಟ್ಟವಳೊಬ್ಬಳದ್ದಲ್ಲ."

ಇನ್‌ಸ್ಪೆಕ್ಟರ್ ಪಕ್ಕದ ಯಂತ್ರದವಳಿಗೆ ಮಾಡಲು ಹೇಳಿದರು. ಅವಳದೂ ನಿಂತಿತು. ಅದರಾಚೆಯವಳದೂ ನಿಂತಿತು.

ಗುಬ್ಬಿಯ ಚಿಕಿತ್ಸೆಯ ಖರ್ಚು ಕೊಡಬೇಕು, ಅವಳನ್ನು ಕೆಲಸಕ್ಕೆ ವಾಪಸ್ ತೆಗೆದುಕೊಳ್ಳಬೇಕು ಎಂದು ಆದೇಶವಾಯಿತು. ನನ್ನನ್ನು ಕೆಲಸದಿಂದ ತೆಗೆಯಲು ಮಾಲೀಕರಿಗೆ ಧೈರ್ಯ ಬರಲಿಲ್ಲ. ಆದರೆ ಕೋಣೆ ಖಾಲಿ ಮಾಡಿ ಎಂದರು. ಗಂಟು ಮೂಟೆ ಕಟ್ಟುತ್ತಾ ದೇವರ ಮೇಲೆ ಸಿಡಿಮಿಡಿಗೊಂಡೆ. ನಿನ್ನನ್ನು ನಂಬಿ ಬಾಯಿ ಬಿಟ್ಟೆನಲ್ಲ, ಈಗ ಈ ವಯಸ್ಸಾದವರನ್ನು ಕರೆದುಕೊಂಡು ಎಲ್ಲಿಗೆ ಹೋಗಲಿ?

ಬಾಗಿಲಲ್ಲಿ ಗುಬ್ಬಿ ನಿಂತಿದ್ದಳು. ಬಲಗೈಗೆ ಇನ್ನೂ ಬ್ಯಾಂಡೇಜ್ ಇತ್ತು.

"ನಮ್ಮನೇಲಿ ಒಂದು ರೂಮು ಖಾಲಿ ಇದೆ, ಅಕ್ಕ. ಸೂರು ಸೋರಲ್ಲ. ನನ್ನ ವಟವಟ ಮಾತ್ರ ಸಹಿಸ್ಕೋಬೇಕು."

ನನಗೆ ಅಳು ತಡೆಯಲಾಗಲಿಲ್ಲ. ಅತ್ತೆ ಅಳಲಿಲ್ಲ. ಅವರಾಗಲೇ ಪಾತ್ರೆಯ ಗಂಟನ್ನು ಗುಬ್ಬಿಯ ಎಡಗೈಗೆ ಕೊಟ್ಟು ಚಪ್ಪಲಿ ಹಾಕಿಕೊಳ್ಳುತ್ತಿದ್ದರು.